ವಾರಿಯೊನ ಜೇಬುಗಳು

ವಾರಿಯೊಗೆ ಅಕ್ಷರ ಬರದು.
ಅದಕ್ಕೇ ಕೋಟಿಗೆ ನಾಲ್ಕು ಜೇಬು:
ಎಡಗಡೆಯದು ನೀಲಿರೆಕ್ಕೆಯ ಬಾತಿಗೆ,
ಬಲಗಡೆಯದು ಕೆಂಬರಲಿಗೆ,
ಎದೆಯ ಮೇಲಿನದು ಟಿಟ್ಟಿಭಕ್ಕೆ.
ಒಳಜೇಬು ಗಡ್ಡದ ರಣಹದ್ದಿಗೆ ಮೀಸಲು,
ಹೆಚ್ಚಿನ ದಿನ ಖಾಲಿ.

ಒಂದು ಹಕ್ಕಿಗೆ ಒಂದು ಹರಳು.
ಮೇಲಿನ ಕಲ್ಲೆಲ್ಲ ಕಪ್ಪು ಎಂದು
ಆಫೀಸಿನ ಹಿಂದಿನ ಹೊಳೆಯಿಂದ
ಬಿಳಿಯವನ್ನೇ ಆರಿಸಿ ಒಯ್ಯುತ್ತಾನೆ.
ಸಂಜೆ ಕುದುರೆ ಇಳಿದು, ಕಂಬಳಿ ಕೊಡವಿ,
ನನ್ನ ಮೇಜಿನ ಮೇಲೆ ಸುರಿಯುತ್ತಾನೆ
ಬಾಲೆ ಬೆಟ್ಟಗಳ ಒಂದು ದಿನವನ್ನು.

ನಾನು ಎಣಿಸಿ ಬರೆಯುತ್ತೇನೆ.
ತಗ್ಗಿನ ಊರಿನವನು, ಏರು ಹತ್ತಿದರೆ ತಲೆ ಸಿಡಿಯುತ್ತದೆ.
ನಾಲ್ಕು ವರ್ಷದಲ್ಲಿ ಆ ಬಯಲನ್ನು ಕಂಡದ್ದು
ಎರಡೇ ಸಲ, ಅದೂ ಲಾರಿಯ ಕಿಟಕಿಯಿಂದ.

ವಾಸಸ್ಥಾನ ಎಂಬ ಅಂಕಣ ಬಂದರೆ
ಅವನ ಉತ್ತರ ಮುಗಿಯುವುದೇ ಇಲ್ಲ.
‘ಕೆಂಬರಲೇ? ಬೆಳಗ್ಗೆ ಕುದುರೆಯ ಲದ್ದಿ ಹಬೆಯಾಡುವಲ್ಲಿ.
ಸೂರಕ್ಕಿ? ಲೊಬೆಲಿಯಾ ಆಳೆತ್ತರ ಮೀರಿ
ಹೂಬಿಟ್ಟಾಗ ಅದರ ತುದಿಯಲ್ಲಿ.
ಒಂದೇ ಸಲ ಹೂಬಿಟ್ಟು ಸಾಯುವ ಗಿಡ,
ಆಮೇಲೆ ಸೂರಕ್ಕಿ ಎಲ್ಲಿ ಅಂತ ನನ್ನ ಕೇಳಬೇಡ.
ಆ ಕಂದು ಪುಟ್ಟಹಕ್ಕಿಯೇ? ಹೆಗ್ಗಣದ ಬಿಲದ ಬಾಯಲ್ಲಿ.
ಅದು ಮಣ್ಣು ಕೆದರಿದರೆ ಇದು ಹುಳ ಹೆಕ್ಕುತ್ತದೆ,
ಕೆಂಪು ತೋಳ ಬಂದರೆ ಕೂಗಿ ಹೇಳುತ್ತದೆ.
ಬಾಡಿಗೆ ಅಂದರೆ ಅದು!’

ನಾನು ಬರೆಯುವುದು: ಬಯಲು.

ಆ ವರ್ಷ ಗಣತಿಯ ಕೊನೆಯ ಸಂಜೆ
ಎಡಜೇಬಿನಿಂದ ಬಿದ್ದದ್ದು ಹನ್ನೊಂದು.
ಹಿಂದಿನ ವರ್ಷ ನಲವತ್ತಮೂರಿತ್ತು.
ಅವನು ಮೇಜನ್ನು ನೋಡಿದ, ನನ್ನನ್ನು ನೋಡಿದ,
ಏನೂ ಅನ್ನಲಿಲ್ಲ. ಬರೆದದ್ದರ ಮುಂದೆ
ಅವನು ಯಾವತ್ತೂ ಏನೂ ಅನ್ನುವವನಲ್ಲ.

ರಾಜಧಾನಿಯಿಂದ ಫೋನು ಬಂತು:
ರೋಗವೇ? ಬೇಟೆಯೇ? ಕುರಿಮಂದೆಯೇ?
ಮೂರನೆಯದಕ್ಕೆ ಎಲ್ಲರೂ ಬೇಗ ಒಪ್ಪಿದರು.
ಕೆರೆಗಳ ಸುತ್ತ ಕುರಿ ಬಿಡಕೂಡದೆಂಬ ಕಾಗದ
ನಾನೇ ಟೈಪು ಮಾಡಿದೆ.
ನನ್ನಿಂದಲೇ ಓದಿಸಿಕೊಂಡು ವಾರಿಯೊ
ತನ್ನ ಭಾವಮೈದುನನ ಹಟ್ಟಿಗೆ
ತಾನೇ ಹೋಗಿ ಹೇಳಿಬಂದ.

ಕೋಟು ಒಗೆಯಲು ತೆಗೆದ ಶಾಷಿತು
ಎಡಜೇಬಿಗೆ ಕೈ ಹಾಕಿದಳು.
ಗಂಡನ ಎದುರು ಹಾಗೇ ಎತ್ತಿ ಹಿಡಿದಳು:
ಬಟ್ಟೆಯಾಚೆ ಎರಡು ಬೆರಳು.

ಮರುದಿನ ನಾನೂ ಕುದುರೆ ಹತ್ತಿದೆ.
ಬೂದುಗಡ್ಡ ಇಳಿಬಿಟ್ಟ ಎರಿಕಾ ಮರಗಳು,
ಆಮೇಲೆ ಅವೇ ಮರಗಳು ಮೊಣಕಾಲೆತ್ತರ,
ಆಮೇಲೆ ಮರವೇ ಇಲ್ಲ. ಗಾಳಿ, ಗಾಳಿ.
ಮೂಗಿನಿಂದ ರಕ್ತ ಬಂತು, ಒರೆಸಿಕೊಂಡೆ.
ಮೊದಲ ಬಾತು ಸೇತುವೆಯ ಬಳಿ ಸಿಕ್ಕಿತು,
ಎರಡು ಬಾತು ತೋಳದ ಹಿಕ್ಕೆಯ ಪಕ್ಕ,
ಕಲ್ಲುಗುಡ್ಡೆಯ ತಿರುವಿನಲ್ಲಿ ಸಾಲಾಗಿ ಹದಿನೇಳು
(ಕುದುರೆ ಅಲ್ಲಿ ಬೆದರಿ ಓಡಿತ್ತಂತೆ).
ಒಂಬತ್ತು, ಭಾವಮೈದುನನ ಮಗನ ಬಳಿ;
ಕುರಿಯಿಲ್ಲದ ಹುಡುಗ
ಬಂಡೆಯ ಮೇಲೆ ಕೂತು ಕಲ್ಲಾಟ ಆಡುತ್ತಿದ್ದ.
ಕೊಡು ಎಂದರೆ ಕೊಟ್ಟ, ಎಣಿಸಿಯೇ ಕೊಟ್ಟ.

ಇನ್ನು ಮೂರು ಸಿಗಲಿಲ್ಲ.

ಕೆರೆಯಂಚಿನಲ್ಲಿ ಬಾತುಗಳಿದ್ದವು, ಹುಲ್ಲು ಕೀಳುತ್ತ,
ಕತ್ತನ್ನು ಬೆನ್ನಿಗೆ ಒರಗಿಸಿ ನಡೆಯುತ್ತ.
ನೀಲಿ ಇಷ್ಟು ತೆಳು ಎಂದು
ನನಗೆ ಗೊತ್ತಿರಲಿಲ್ಲ. ಎಣಿಸಲು ಮರೆತೆ.

ಆಗ ತಲೆಯ ಮೇಲಿಂದ ಏನೋ ಬಿದ್ದು
ಬಂಡೆಗೆ ಟಣ್ಣೆಂದಿತು. ಎಲುಬು.
ಗಡ್ಡದ ಹದ್ದು ಇಳಿದು ಬಂತು, ನೋಡಿತು,
ಒಡೆದಿರಲಿಲ್ಲ. ಕಚ್ಚಿಕೊಂಡು ಮತ್ತೆ ಮೇಲೇರಿತು.
ಮತ್ತೆ ಟಣ್.

ನಾನು ಎರಡು ಹರಳು ಚಾಚಿದೆ.
ವಾರಿಯೊ ಒಂದನ್ನು ಒಳಜೇಬಿಗೆ ಹಾಕಿ
ಇನ್ನೊಂದನ್ನು ನನ್ನ ಅಂಗೈಗೇ ಮರಳಿಸಿದ.
‘ಬಿದ್ದದ್ದು ಎರಡು ಸಲ,
ಹದ್ದು ಒಂದೇ.’

ಕುರಿಯ ಕಾಗದ ವಾಪಸಾಗಲು
ಒಂದೂವರೆ ವರ್ಷ ಹಿಡಿಯಿತು.
ಆ ಹರಳು ಈಗಲೂ ನನ್ನ ಮೇಜಿನ ಮೇಲಿದೆ,
ಯಾವ ಅಂಕಣಕ್ಕೂ ಸೇರದೆ.